ಗಡಸು ನೀರು, ಮೂರು ಗಿಡಗಳು ಮತ್ತು ಒಂದು ಕರಿಬೇವಿನ ಕುಂಡ

ಮ್ಯೂನಿಕ್ ನಗರದ ನಲ್ಲಿ ನೀರನ್ನು ಕಾಯಿಸದೆ, ಸೋಸದೆ ಹಾಗೆಯೇ ಕುಡಿಯಬಹುದು. ಆಲ್ಪ್ಸ್ ತಪ್ಪಲಿನ ಮಾಂಗ್‌ಫಾಲ್ ಕಣಿವೆಯಿಂದ 1883ರಿಂದಲೂ ಹರಿದುಬರುತ್ತಿರುವ ಈ ನೀರಿನ ಬಗ್ಗೆ ಇಲ್ಲಿಯವರಿಗೆ ಇರುವ ಅಭಿಮಾನ ಸಹಜವಾದುದೇ. ಆದರೆ ಸುಣ್ಣದ ಅಂಶ ಹೆಚ್ಚಾಗಿರುವ ನೆಲದಲ್ಲಿ ಇಂಗಿ ಬರುವುದರಿಂದ ಅದು ಗಡಸು ನೀರು. ಜರ್ಮನಿಯಲ್ಲಿ ಗಡಸುತನವನ್ನು ಡಿಗ್ರಿಗಳಲ್ಲಿ ಅಳೆಯುತ್ತಾರೆ. ಒಂದು ಡಿಗ್ರಿಯೆಂದರೆ ಲೀಟರಿಗೆ ಸುಮಾರು 17.8 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್‌ಗೆ ಸಮ, ಮತ್ತು 14 ಡಿಗ್ರಿಯನ್ನು ದಾಟಿದ ನೀರು ‘ಗಡಸು’ ವರ್ಗಕ್ಕೆ ಸೇರುತ್ತದೆ. ಮ್ಯೂನಿಕ್‌ನ ನೀರು ಆ ವರ್ಗದ್ದು. ಕುಡಿಯುವವರಿಗೆ ಇದರಿಂದ ತೊಂದರೆಯೇನೂ ಇಲ್ಲ, ಆದರೆ ಕುಂಡದ ಗಿಡದ ಲೆಕ್ಕವೇ ಬೇರೆ.

ಈ ಲೆಕ್ಕ ಈಗ ಅನೇಕರಿಗೆ ಬೇಕಾಗಿರುವುದಕ್ಕೆ ಕಾರಣ ಕಾನೂನಿನ ಬದಲಾವಣೆ. 2024ರ ಏಪ್ರಿಲ್ 1ರಿಂದ ಜರ್ಮನಿಯಲ್ಲಿ ಹದಿನೆಂಟು ತುಂಬಿದವರು ತಾವು ವಾಸವಿರುವ ಮನೆಯಲ್ಲಿ ಸ್ವಂತ ಬಳಕೆಗಾಗಿ ಏಕಕಾಲಕ್ಕೆ ಮೂರು ಗಾಂಜಾ ಗಿಡಗಳನ್ನು ಬೆಳೆಯಬಹುದು. ಮನೆಯಲ್ಲಿ ಐವತ್ತು ಗ್ರಾಂ ವರೆಗೆ ಒಣಗಿದ ಸರಕನ್ನು ಇಟ್ಟುಕೊಳ್ಳಬಹುದು, ಆದರೆ ಬೆಳೆದದ್ದನ್ನು ಮಾರುವುದಿರಲಿ, ಇನ್ನೊಬ್ಬರಿಗೆ ಪುಕ್ಕಟೆಯಾಗಿ ಕೊಡುವುದಕ್ಕೂ ಅನುಮತಿಯಿಲ್ಲ. ಮಕ್ಕಳ ಕೈಗೆ ಸಿಗದಂತೆ ಗಿಡಗಳನ್ನು ಭದ್ರವಾಗಿಡುವುದು ಬೆಳೆಯುವವರ ಹೊಣೆ. ನಾನು ಬೆಳೆಯುವುದಿಲ್ಲ, ಆ ಸೊಪ್ಪಿನಲ್ಲಿ ನನಗೆ ಆಸಕ್ತಿಯೂ ಇಲ್ಲ. ಆದರೆ ನಮ್ಮ ಕಟ್ಟಡದ ಮೇಲಿನ ಮಹಡಿಯಲ್ಲಿರುವ ನಿವೃತ್ತ ಶಿಕ್ಷಕರೊಬ್ಬರ ಮೂರು ಗಿಡಗಳಿಗೂ ನನ್ನ ಕಿಟಕಿಯ ಪಕ್ಕದ ಕರಿಬೇವಿಗೂ ಬಂದದ್ದು ಒಂದೇ ಕಾಯಿಲೆಯಾದ್ದರಿಂದ ಈ ವಿಷಯದಲ್ಲಿ ನಾವಿಬ್ಬರೂ ಜೊತೆಗಾರರಾದೆವು.

ಕಾಯಿಲೆಯ ಲಕ್ಷಣ ಸ್ಪಷ್ಟವಾಗಿತ್ತು. ತುದಿಯ ಎಳೆಯ ಎಲೆಗಳು ಹಳದಿಗೆ ತಿರುಗಿದ್ದವು, ನರಗಳು ಮಾತ್ರ ಹಸಿರಾಗಿಯೇ ಉಳಿದು ಎಲೆಯ ಮೇಲೆ ಬಲೆ ಬಿಡಿಸಿದಂತೆ ಕಾಣುತ್ತಿದ್ದವು. ಸಾರಜನಕ ಸಾಲದೆ ಬಂದ ಹಳದಿಯಾದರೆ ಮೊದಲು ಕೆಳಗಿನ ಹಳೆಯ ಎಲೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಇದು ಮೇಲಿನಿಂದ ಶುರುವಾಗಿತ್ತು, ಅಂದರೆ ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣವಿಲ್ಲವೆಂದು ಇದರ ಅರ್ಥವಲ್ಲ. ಗಡಸು ನೀರಿನಲ್ಲಿ ಕರಗಿರುವ, ಕ್ಷಾರಗುಣದ ಬೈಕಾರ್ಬೊನೇಟ್ ದಿನದಿನವೂ ಸೇರುತ್ತ ಹೋದಂತೆ ಕುಂಡದ ಮಣ್ಣು ಕ್ಷಾರದ ಕಡೆಗೆ ವಾಲುತ್ತದೆ, ಅಂಥ ಮಣ್ಣಿನಲ್ಲಿ ಕಬ್ಬಿಣ, ಮ್ಯಾಂಗನೀಸ್‌ಗಳು ಬೇರಿಗೆ ದಕ್ಕದ ರೂಪಕ್ಕೆ ತಿರುಗುತ್ತವೆ. ಮೇಲಿನ ಮನೆಯವರು ಎಲೆ ಹಳದಿಯಾಯಿತೆಂದು ಗೊಬ್ಬರ ಹೆಚ್ಚಿಸಿದ್ದರು. ಹೊಲದಲ್ಲಾದರೆ ಮಳೆ ಬಂದು ಗೊಬ್ಬರದಿಂದ ಹೆಚ್ಚಾದ ಉಪ್ಪನ್ನು ತೊಳೆದುಕೊಂಡು ಹೋಗುತ್ತದೆ. ಕೋಣೆಯೊಳಗಿನ ಹತ್ತು ಲೀಟರಿನ ಕುಂಡಕ್ಕೆ ಅಂಥ ಭಾಗ್ಯವಿಲ್ಲ.

ನೀರು ಪರೀಕ್ಷಿಸಿದ್ದೀರಾ ಎಂದು ಕೇಳಿದಾಗ ಅವರು ತೋರಿಸಿದ್ದು ಪೆನ್ನಿನ ಗಾತ್ರದ ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಲವಣ) ಮೀಟರನ್ನು. ಬೆಂಗಳೂರಿನಲ್ಲಿ ಆರ್‌ಒ ಯಂತ್ರ ಮಾರಲು ಬರುವವರು ಲೋಟದಲ್ಲಿ ಅದ್ದಿ ನಮ್ಮನ್ನು ಹೆದರಿಸುವುದು ಇದೇ ಉಪಕರಣದಿಂದ. ಅದು ನೀರಿನಲ್ಲಿ ಕರಗಿದ ಲವಣಗಳನ್ನು ನೇರವಾಗಿ ಅಳೆಯುವುದಿಲ್ಲ. ವಿದ್ಯುತ್ ಎಷ್ಟು ಸುಲಭವಾಗಿ ಹರಿಯುತ್ತದೆ ಎಂಬುದನ್ನು ಅಳೆದು, ಆ ಅಂಕಿಯನ್ನು ಒಂದು ಗುಣಕದಿಂದ ಗುಣಿಸಿ ತೋರಿಸುತ್ತದೆ. ಕೆಲವು ಕಂಪನಿಗಳು 0.5ರಿಂದ ಗುಣಿಸಿದರೆ ಇನ್ನು ಕೆಲವು 0.7ರಿಂದ ಗುಣಿಸುತ್ತವೆ, ಹೀಗಾಗಿ 600 ಮೈಕ್ರೋಸೀಮೆನ್ಸ್ ವಾಹಕತೆಯ ಒಂದೇ ಲೋಟ ನೀರು ಒಂದು ಮೀಟರಿನಲ್ಲಿ 300 ಎಂದೂ ಇನ್ನೊಂದರಲ್ಲಿ 420 ಎಂದೂ ತೋರುತ್ತದೆ. ಅದು ಹೋಗಲಿ ಎಂದರೂ, ಕರಗಿರುವುದು ಅಡುಗೆ ಉಪ್ಪೋ ಸುಣ್ಣವೋ ಗೊಬ್ಬರವೋ ಎಂಬುದನ್ನು ಈ ಅಂಕಿ ಹೇಳಲಾರದು.

ಪಿಎಚ್ ಮೀಟರು ಕೂಡ ಇಲ್ಲಿ ಅರ್ಧ ಸತ್ಯವನ್ನೇ ಹೇಳುತ್ತದೆ. ಪಿಎಚ್ ಎಂಬುದು ನೀರು ಆಮ್ಲೀಯವೋ ಕ್ಷಾರೀಯವೋ ಎಂಬ ಈ ಹೊತ್ತಿನ ಸ್ಥಿತಿಯಾದರೆ, ಆ ಸ್ಥಿತಿಯನ್ನು ಬದಲಾಗದಂತೆ ಹಿಡಿದಿಡುವ ಶಕ್ತಿ ಬೈಕಾರ್ಬೊನೇಟ್‌ನದು. ಬೈಕಾರ್ಬೊನೇಟ್ ಹೆಚ್ಚಿರುವ ನೀರಿಗೂ ಮಳೆನೀರಿಗೂ ಮೀಟರು ಹತ್ತಿರ ಹತ್ತಿರದ ಅಂಕಿಗಳನ್ನು ತೋರಿಸುವುದುಂಟು. ಮಳೆನೀರು ಮಣ್ಣಿಗೆ ಬಿದ್ದೊಡನೆ ಮಣ್ಣಿನ ಗುಣಕ್ಕೆ ಒಗ್ಗಿಕೊಂಡರೆ, ಗಡಸು ನೀರು ಮಣ್ಣನ್ನೇ ತನ್ನ ಕಡೆಗೆ ಎಳೆಯುತ್ತದೆ. ಹಾಗಾಗಿ ಅಳೆಯಬೇಕಾದದ್ದು ಕಾರ್ಬೊನೇಟ್ ಗಡಸುತನವನ್ನು, ಅಂದರೆ ಈ ಬೈಕಾರ್ಬೊನೇಟ್ ಎಷ್ಟಿದೆ ಎಂಬುದನ್ನು.

ಅದಕ್ಕೆ ಪ್ರಯೋಗಾಲಯವೇನೂ ಬೇಡ. ಅಕ್ವೇರಿಯಂ ಮೀನು ಸಾಕುವವರು ಬಳಸುವ ಹನಿ ಕಿಟ್ ಸಾಕು. ಗಾಜಿನ ಕೊಳವೆಯಲ್ಲಿ ಐದು ಮಿಲಿಲೀಟರ್ ನೀರು ತೆಗೆದುಕೊಂಡು ಒಂದೊಂದೇ ಹನಿ ದ್ರಾವಣ ಬಿಟ್ಟು ಅಲುಗಾಡಿಸಬೇಕು. ಮೊದಲ ಹನಿಗೆ ನೀರು ನೀಲಿಯಾಗುತ್ತದೆ. ಎಷ್ಟನೆಯ ಹನಿಗೆ ಅದು ಹಳದಿಗೆ ತಿರುಗುತ್ತದೋ ಅಷ್ಟು ಡಿಗ್ರಿ. ಸೀಸೆಯನ್ನು ವಾರೆಯಾಗಿ ಹಿಡಿದರೆ ಹನಿಯ ಗಾತ್ರ ಬದಲಾಗುವುದರಿಂದ ನೇರವಾಗಿ ತಲೆಕೆಳಗಾಗಿಯೇ ಹಿಡಿಯಬೇಕು. ರಾತ್ರಿಯಿಡೀ ಕೊಳವೆಯಲ್ಲಿ ನಿಂತ ನೀರನ್ನು ಪರೀಕ್ಷೆಗೆ ತೆಗೆದುಕೊಳ್ಳದೆ, ನಲ್ಲಿಯನ್ನು ಸ್ವಲ್ಪ ಹೊತ್ತು ಬಿಟ್ಟು ತಣ್ಣನೆಯ ಹೊಸ ನೀರು ಬಂದ ಮೇಲೆ ಹಿಡಿಯುವುದು ಒಳ್ಳೆಯದು. ಇವೆಲ್ಲ ಬೇಡವೆನ್ನುವವರಿಗೆ ಜರ್ಮನಿಯಲ್ಲಿ ಇನ್ನೂ ಸುಲಭದ ದಾರಿಯಿದೆ: ನೀರು ಸರಬರಾಜು ಮಾಡುವ ಸಂಸ್ಥೆಗಳು ತಮ್ಮ ನೀರಿನ ವಿಶ್ಲೇಷಣೆಯನ್ನು ಪ್ರಕಟಿಸುತ್ತವೆ, ಅದರಲ್ಲಿ ಕಾರ್ಬೊನೇಟ್ ಗಡಸುತನ, ನೈಟ್ರೇಟ್, ಸೋಡಿಯಂ ಎಲ್ಲವೂ ಸಿಗುತ್ತವೆ.

ಪರಿಹಾರಗಳಲ್ಲಿ ನನಗೆ ಮೆಚ್ಚುಗೆಯಾದದ್ದು ಮಳೆನೀರಿನ ಬೆರಕೆ. ಅರ್ಧ ನಲ್ಲಿ ನೀರು, ಅರ್ಧ ಮಳೆನೀರು ಸೇರಿಸಿದರೆ ಗಡಸುತನವೂ ಅರ್ಧಕ್ಕಿಳಿಯುತ್ತದೆ, ಮತ್ತು ಗಿಡಕ್ಕೆ ಬೇಕಾದ ಕ್ಯಾಲ್ಸಿಯಂ ಪೂರ್ತಿ ಇಲ್ಲವಾಗುವುದಿಲ್ಲ. ತಾಮ್ರದ ಅಥವಾ ಸತುವಿನ ಹೊದಿಕೆಯ ಸೂರಿನಿಂದ ಇಳಿದ ನೀರನ್ನು ಮಾತ್ರ ಬಳಸಬಾರದು. ಕುದಿಸಿ ಆರಿಸಿದರೆ ಸುಣ್ಣ ತಳಕ್ಕಿಳಿಯುತ್ತದೆ, ಆದರೆ ಒಂದೆರಡು ಕುಂಡಗಳಾಚೆ ಅದು ಇಂಧನದ ದಂಡ. ಮನೆಗೆ ಜೋಡಿಸುವ ಉಪ್ಪು ಬಳಸುವ ಮೆದುಗೊಳಿಸುವ ಯಂತ್ರದ ನೀರನ್ನಂತೂ ಗಿಡಕ್ಕೆ ಹಾಕಲೇಬಾರದು: ಅದು ಕ್ಯಾಲ್ಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಸೇರಿಸುತ್ತದೆ, ಬೈಕಾರ್ಬೊನೇಟನ್ನು ಮುಟ್ಟುವುದೇ ಇಲ್ಲ.

ನೀರಿನ ಇನ್ನೊಂದು ಮುಖ ತೇವ. ಗಿಡಕ್ಕೆ ಹಾಕಿದ ನೀರಿನ ಬಹುಪಾಲು ಎಲೆಗಳ ಮೂಲಕ ಕೋಣೆಯ ಗಾಳಿಗೇ ಸೇರುತ್ತದೆ. ಚಳಿಗಾಲದಲ್ಲಿ ಕಿಟಕಿ ಮುಚ್ಚಿಟ್ಟ ಬಾಡಿಗೆ ಮನೆಯಲ್ಲಿ ಅದು ತಣ್ಣನೆಯ ಮೂಲೆಗಳಲ್ಲಿ ಬೂಷ್ಟಾಗಿ ಕಾಣಿಸಿಕೊಂಡರೆ ಮಾಲೀಕರ ಜೊತೆ ಜಗಳ ತಪ್ಪಿದ್ದಲ್ಲ. ವಿದ್ಯುತ್ತಿನ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಬೇಕು: ಕೋಣೆಯೊಳಗಿನ ಗಿಡಗಳಿಗೆ ಬೆಳಕು ಕೊಡುವ 100 ವ್ಯಾಟ್ ದೀಪ ದಿನಕ್ಕೆ ಹದಿನೆಂಟು ಗಂಟೆ ಉರಿದರೆ ತಿಂಗಳಿಗೆ 54 ಯೂನಿಟ್.

ಊರಿನ ಗೆಳೆಯರು ಇದನ್ನೋದಿ ಬೇರೆ ಯೋಚನೆ ಮಾಡುವುದು ಬೇಡ. ಭಾರತದಲ್ಲಿ ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಒಂದೇ ಗಾಂಜಾ ಗಿಡ ಬೆಳೆಸಿದರೂ ಹತ್ತು ವರ್ಷಗಳವರೆಗೆ ಶಿಕ್ಷೆಯಾಗಬಹುದು, ಮತ್ತು ಇಲ್ಲಿಂದ ರಜೆಗೆ ಹೊರಡುವವರ ಬ್ಯಾಗಿನಲ್ಲಿ ಒಂದು ಎಲೆಯೂ ಇರಕೂಡದು. ಆದರೆ ಹನಿ ಕಿಟ್ಟಿಗೆ ಅಂಥ ನಿರ್ಬಂಧವಿಲ್ಲ. ಬೆಂಗಳೂರಿನ ಬೋರ್‌ವೆಲ್ ನೀರು ಹಾಕಿ ಬೆಳೆಸಿದ ಕರಿಬೇವು, ಗುಲಾಬಿ, ದಾಸವಾಳಗಳ ಎಳೆಯ ಎಲೆ ಹೀಗೆಯೇ ಹಳದಿಯಾಗಿದ್ದರೆ ಗೊಬ್ಬರದ ಅಂಗಡಿಗೆ ಹೋಗುವ ಮೊದಲು ಹನಿ ಎಣಿಸಿ ನೋಡಬಹುದು. ದೊಡ್ಡ ನಿವೇಶನಗಳಲ್ಲಿ ಮಳೆನೀರು ಸಂಗ್ರಹವನ್ನು 2009ರಲ್ಲೇ ಕಡ್ಡಾಯ ಮಾಡಿದ ನಗರವದು. ಆ ತೊಟ್ಟಿಯ ನೀರು ಕೆಲವು ಮನೆಗಳಲ್ಲಿ ಕಾರು ತೊಳೆಯುವುದಕ್ಕೆ ಹೋಗುತ್ತಿದೆ, ಬೋರ್‌ವೆಲ್ ನೀರು ಕುಂಡಗಳಿಗೆ ಹೋಗುತ್ತಿದೆ.