ವಾಚಂಗಡಿಯಲ್ಲಿ ಯಾವಾಗಲೂ 10:10 ಯಾಕೆ?

ವಾಚಂಗಡಿಯ ಶೋಕೇಸಿನಲ್ಲಿ ಸಾಲಿಗೆ ಸಾಲೇ ಹತ್ತು ಗಂಟೆ ಹತ್ತು ನಿಮಿಷ. ಅದು ಅಬ್ರಹಾಂ ಲಿಂಕನ್ ತೀರಿಕೊಂಡ ಹೊತ್ತು ಅನ್ನುವ ಮಾತು ಇಂದಿಗೂ ಓಡಾಡುತ್ತಿದೆ. ನಂಬಬೇಡಿ. ಲಿಂಕನ್‌ಗೆ ಗುಂಡೇಟು ಬಿದ್ದದ್ದು 1865ರ ಏಪ್ರಿಲ್ 14ರ ರಾತ್ರಿ ಹತ್ತೂಕಾಲರ ಸುಮಾರಿಗೆ, ಪ್ರಾಣ ಹೋದದ್ದು ಮರುದಿನ ಬೆಳಿಗ್ಗೆ 7:22ಕ್ಕೆ.

ಕಾರಣ ಡಯಲ್‌ನಲ್ಲೇ ಇದೆ. ಕಂಪನಿಯ ಹೆಸರು ಸಾಮಾನ್ಯವಾಗಿ 12ರ ಕೆಳಗೆ, ತಾರೀಖಿನ ಕಿಂಡಿ 3ರ ಹತ್ತಿರ, ಜ್ಯುವೆಲ್ (ಒಳಗಿನ ಚಕ್ರಗಳ ಅಚ್ಚು ಕೂರುವ ಸಣ್ಣ ಕಲ್ಲು) ಎಷ್ಟು, ಆಟೊಮ್ಯಾಟಿಕ್ (ಕೈ ಆಡಿದಂತೆ ತಾನೇ ಕೀ ಸುತ್ತಿಕೊಳ್ಳುವ ವಾಚು) ಹೌದೋ ಅಲ್ಲವೋ ಅನ್ನುವ ಸಣ್ಣಕ್ಷರ 6ರ ಮೇಲೆ. ಮುಳ್ಳುಗಳು 10:10ರಲ್ಲಿದ್ದರೆ ಈ ಮೂರೂ ಜಾಗ ಖಾಲಿ. ಹೆಸರು ಎರಡು ಕೈಗಳ ನಡುವೆ ಎತ್ತಿ ಹಿಡಿದಂತೆ ಕಾಣುತ್ತದೆ. ಹಿಂದೆ ಜಾಹೀರಾತುಗಳಲ್ಲಿ 8:20 ಕೂಡ ಸಾಕಷ್ಟು ಕಾಣುತ್ತಿತ್ತು. ಅಲ್ಲಿ ಮುಳ್ಳುಗಳು ಜೋತುಬಿದ್ದ ಮೀಸೆಯ ಹಾಗೆ. 2017ರಲ್ಲಿ ಪ್ರಕಟವಾದ ಒಂದು ಮನೋವಿಜ್ಞಾನ ಅಧ್ಯಯನದಲ್ಲಿ 10:10ರ ವಾಚು ನೋಡಿದವರಿಗೆ ಹೆಚ್ಚು ಹಿತ ಅನ್ನಿಸಿತ್ತು. ಮುಗುಳ್ನಗೆಯ ಆಕಾರ ಅನ್ನುವುದು ಬರೀ ಮಾರಾಟಗಾರರ ಮಾತಲ್ಲ.

ಆದರೆ ಸರಿಯಾಗಿ 10:10ಕ್ಕೆ ಇಟ್ಟರೆ ಎರಡೂ ಕಡೆ ಸಮ ಬರುವುದಿಲ್ಲ. ನಿಮಿಷದ ಮುಳ್ಳು 12ರಿಂದ ಬಲಕ್ಕೆ 60 ಡಿಗ್ರಿ ಹೋಗಿರುತ್ತದೆ. ಗಂಟೆ ಮುಳ್ಳು ಹತ್ತನ್ನು ದಾಟಿ ಬಂದಿರುವುದರಿಂದ ಎಡಕ್ಕೆ 55 ಡಿಗ್ರಿಯಷ್ಟೇ. ಲೆಕ್ಕ ಹಾಕಿದರೆ ಎರಡೂ ಸಮನಾಗುವುದು 10:09:14ಕ್ಕೆ. ಆಪಲ್ ವಾಚಿನ ಚಿತ್ರಗಳಲ್ಲಿ 10:09 ಇರುವುದನ್ನು ಗಮನಿಸಿ. ಶೋಕೇಸಿಗೆ ವಾಚು ಇಡುವಾಗ ಸೆಕೆಂಡಿನ ಮುಳ್ಳನ್ನು 35ರ ಆಸುಪಾಸು ನಿಲ್ಲಿಸಿ. 30ಕ್ಕೆ ನಿಲ್ಲಿಸಿದರೆ 6ರ ಮೇಲಿನ ಅಕ್ಷರದ ಮೇಲೆ ಗೆರೆ ಎಳೆದಂತಾಗುತ್ತದೆ.

ಕ್ವಾರ್ಟ್ಜ್, ಅಂದರೆ ಸೆಲ್‌ನಿಂದ ಓಡುವ ವಾಚಾದರೆ ಸೆಕೆಂಡಿನ ಮುಳ್ಳು ಬೇಕಾದ ಕಡೆ ಬಂದಾಗ ಬದಿಯ ಕೀ ಹೊರಗೆಳೆದು, ಆಮೇಲೆ ಉಳಿದೆರಡು ಮುಳ್ಳು ಹೊಂದಿಸಿ. ಎಚ್‌ಎಂಟಿ ಜನತಾ ಥರದ ಕೀ ಕೊಡುವ ವಾಚಿನಲ್ಲಿ ಈ ಉಪಾಯ ನಡೆಯದು, ಕೀ ಎಳೆದರೂ ಸೆಕೆಂಡಿನ ಮುಳ್ಳು ಓಡುತ್ತಲೇ ಇರುತ್ತದೆ. ಸ್ಪ್ರಿಂಗಿನ ಸುತ್ತು ಪೂರ್ತಿ ಬಿಚ್ಚಿಕೊಂಡು ವಾಚು ತಾನಾಗಿ ನಿಂತ ಮೇಲೆ ಹೊಂದಿಸಬೇಕು.

ಇನ್ನೊಂದು ತಪ್ಪು ತುಂಬಾ ಜನ ಮಾಡುತ್ತಾರೆ. ತಾರೀಖಿರುವ ವಾಚಿನಲ್ಲಿ ಡಯಲ್ ಮೇಲಿನ 10:10 ಬೆಳಗಿನದೋ ರಾತ್ರಿಯದೋ ನೋಡಿದರೆ ಗೊತ್ತಾಗುವುದಿಲ್ಲ. ರಾತ್ರಿಯದಾಗಿದ್ದರೆ ತಾರೀಖು ತಿರುಗಿಸುವ ಹಲ್ಲು ಆಗಲೇ ಕಚ್ಚಿಕೊಂಡಿರಬಹುದು. ಆಗ ಗಿರಾಕಿಗೆ ತೋರಿಸಲು ಕೀಯನ್ನು ಅರ್ಧ ಎಳೆದು ತಾರೀಖು ಬದಲಿಸಿದರೆ ಹಲ್ಲು ಮುರಿಯಬಹುದು. ಮುಳ್ಳನ್ನು ಮುಂದಕ್ಕೆ ತಿರುಗಿಸಿ, ತಾರೀಖು ಹಾರಿದ ಮೇಲೆ ಬರುವ ಮೊದಲ 10:10ಕ್ಕೆ ನಿಲ್ಲಿಸಿ. ಅದೇ ಬೆಳಗಿನ ಹತ್ತು.

ಕೀ ಎಳೆದಿಟ್ಟರೆ ಸೆಲ್ ಖರ್ಚು ಕಡಿಮೆಯಾಗುತ್ತದೆ, ನಿಲ್ಲುವುದಿಲ್ಲ. ಎಳೆದ ಕೀಯ ಸಂದಿನಲ್ಲಿ ತೇವವೂ ಧೂಳೂ ಒಳಗೆ ಹೋಗುತ್ತವೆ. ವರ್ಷಗಟ್ಟಲೆ ಇಡುವ ವಾಚಾದರೆ ಸೆಲ್ ತೆಗೆದು, ಕೀ ಒಳಗೆ ಒತ್ತಿಡಿ. ಸೋರಿದ ಸೆಲ್ ಸರ್ಕ್ಯೂಟನ್ನೇ ತಿಂದುಹಾಕುತ್ತದೆ.