ಈ ಸಲ ಸಿಹಿ ಜಾಸ್ತಿ

ಶನಿವಾರ ರಾತ್ರಿ ಎಂಟು ಗಂಟೆಗೆ ಭರಣಿಯ ಮುಚ್ಚಳ ತೆಗೆದೆ. ವಿನೆಗರ್ ವಾಸನೆ ಮೂಗಿಗೆ ಬಡಿಯಿತು. ಟಾರ್ಚ್ ಬಿಟ್ಟು ನೋಡಿದರೆ ಒಳಗೆ ಸಣ್ಣ ಸಣ್ಣ ನೊಣ ತೇಲುತ್ತಿವೆ. ಮರುದಿನ ಬೆಳಿಗ್ಗೆ ಚರ್ಚಿನಲ್ಲಿ ಕರ್ತನ ಭೋಜನ, ಅಂದರೆ ಯೇಸುವಿನ ಕೊನೆಯ ಊಟದ ನೆನಪಿಗೆ ಅವನ ದೇಹ, ರಕ್ತದ ಗುರುತಾಗಿ ರೊಟ್ಟಿ, ದ್ರಾಕ್ಷಾರಸ ಹಂಚುವ ಆರಾಧನೆ. ನಲವತ್ತು ಜನರಿಗೆ ದ್ರಾಕ್ಷಾರಸ ಕೊಡಬೇಕಾದ ಮನೆ ನಮ್ಮದು.

ಮೂವತ್ತು ವರ್ಷ ಈ ಕೆಲಸ ಅಮ್ಮನದಾಗಿತ್ತು. ಕಪ್ಪು ದ್ರಾಕ್ಷಿ, ಸಕ್ಕರೆ, ಒಂದು ಹಿಡಿ ಗೋಧಿ, ಚೂರು ಈಸ್ಟ್. ದಿನಾ ಮರದ ಸೌಟಿನಲ್ಲಿ ಒಂದು ಸಲ ತಿರುವಬೇಕು. ಇಪ್ಪತ್ತೊಂದನೇ ದಿನ ಸೋಸಬೇಕು. ಈ ವರ್ಷ ಅಮ್ಮನ ಕೈ ನಡುಗಲು ಶುರುವಾಯಿತು, ಭರಣಿ ನನ್ನ ಪಾಲಿಗೆ ಬಂತು. ನಾನು ಮೊದಲ ವಾರ ಶ್ರದ್ಧೆಯಿಂದ ತಿರುವಿದೆ. ಆಮೇಲೆ ಮಳೆ ಹಿಡಿಯಿತು, ತೋಟದ ಕೆಲಸ, ಮಗನ ಜ್ವರ. ಮುಚ್ಚಳಕ್ಕೆ ಕಟ್ಟಿದ ಬಟ್ಟೆ ಯಾವಾಗ ಸಡಿಲವಾಯಿತೋ ಗೊತ್ತೇ ಆಗಲಿಲ್ಲ.

ಪೇಟೆಯಿಂದ ತರೋಣ ಅಂದರೆ ಜುಲೈ ಮಳೆ, ದಾರಿಗೆ ಮರ ಬಿದ್ದಿದೆ, ಎರಡು ದಿನದಿಂದ ಕರೆಂಟಿಲ್ಲ. ಕೊಡಗಿನಲ್ಲಿ ವೈನಿಗೇನು ಬರ ಅಂತ ಕೇಳಬಹುದು. ಮಡಿಕೇರಿಯ ಅಂಗಡಿಗಳಲ್ಲಿ ಶುಂಠಿ ವೈನು, ವೀಳ್ಯದೆಲೆ ವೈನು ಎಲ್ಲಾ ಸಿಗುತ್ತೆ. ಆದರೆ ಕರ್ತನ ಭೋಜನಕ್ಕೆ ವೀಳ್ಯದೆಲೆ ನಡೆಯೋದಿಲ್ಲ, ಅಲ್ವಾ?

ವಿರಾಜಪೇಟೆಯ ಗೆಳತಿಗೆ ಫೋನ್ ಮಾಡಿದೆ. ಅವಳು ಕಥೋಲಿಕಳು, ನಾವು ಪ್ರೊಟೆಸ್ಟಂಟರು. ಟಿಪ್ಪುವಿನ ಕಾಲದಲ್ಲಿ ಓಡಿಬಂದ ಕ್ರೈಸ್ತರಿಗೆ ಕೊಡಗಿನ ರಾಜ ದೊಡ್ಡವೀರರಾಜೇಂದ್ರ ಜಾಗ ಕೊಟ್ಟು, 1792ರಲ್ಲಿ ಶುರುವಾದ ಸಂತ ಅನ್ನಮ್ಮನ ಚರ್ಚು ಅವಳದ್ದು. ವಿಷಯ ಕೇಳಿ ಮೊದಲು ನಕ್ಕಳು. 'ನಮ್ಮಲ್ಲಾಗಿದ್ದರೆ ವಿನೆಗರ್ ಆದದ್ದು ಲೆಕ್ಕಕ್ಕೇ ಇಲ್ಲ ಮಾರಾಯ್ತಿ. ದ್ರಾಕ್ಷಿಯದ್ದೇ ವೈನಾಗಬೇಕು, ಕೆಟ್ಟಿರಬಾರದು. ರೊಟ್ಟಿಯೂ ಅಷ್ಟೆ, ಗೋಧಿ ಮತ್ತು ನೀರು ಬಿಟ್ಟು ಬೇರೇನೂ ಇಲ್ಲ.'

'ಇಷ್ಟೊಂದು ಬಿಗಿ ಯಾಕೆ? ನೆನಪಿಗೆ ತಾನೇ ಮಾಡೋದು?' ಅಂದೆ.

'ನಿಮಗೆ ನೆನಪು. ನಮಗೆ ಅದು ಯೇಸುವೇ,' ಅಂದಳು.

ಇಷ್ಟು ಸಣ್ಣ ಮಾತಿಗೆ ಯುರೋಪಿನಲ್ಲಿ ಎಷ್ಟು ಜಗಳ! 1529ರಲ್ಲಿ ಜರ್ಮನಿಯ ಮಾರ್ಬುರ್ಗ್‌ನಲ್ಲಿ ಲೂಥರ್ ಮತ್ತು ಜ್ವಿಂಗ್ಲಿ ಎದುರು ಬದುರು ಕೂತರು. ಇಬ್ಬರೂ ಪೋಪರನ್ನು ಬಿಟ್ಟು ಬಂದವರೇ. ರೊಟ್ಟಿ ಬರೀ ಗುರುತು ಅಂತ ಜ್ವಿಂಗ್ಲಿ. ಅಲ್ಲ, ಕ್ರಿಸ್ತ ನಿಜವಾಗಿಯೂ ಅಲ್ಲಿದ್ದಾನೆ ಅಂತ ಲೂಥರ್. 'ಇದು ನನ್ನ ದೇಹ' ಅನ್ನುವ ಯೇಸುವಿನ ಮಾತನ್ನು ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಬರೆದೇ ಮಾತಿಗೆ ಕೂತನಂತೆ. ಉಳಿದ ಎಲ್ಲದಕ್ಕೂ ಒಪ್ಪಿದರು, ಇದೊಂದಕ್ಕೆ ಒಪ್ಪಲಿಲ್ಲ. ನನಗಂತೂ ಆ ಹೊತ್ತಿನಲ್ಲಿ ಇಬ್ಬರೂ ಬೇಕಿರಲಿಲ್ಲ. ಕಾಲು ಕೇಜಿ ಒಣದ್ರಾಕ್ಷಿ ಬೇಕಿತ್ತು.

ಪಾಯಸಕ್ಕೆ ತಂದದ್ದು ಡಬ್ಬದಲ್ಲಿತ್ತು. ಅಮ್ಮ ಒಲೆ ಪಕ್ಕ ಸ್ಟೂಲ್ ಹಾಕಿಸಿಕೊಂಡು ಕೂತರು. ದ್ರಾಕ್ಷಿ ತೊಳೆದು, ನೀರಲ್ಲಿ ಕುದಿಸಿ, ಆರಿದ ಮೇಲೆ ಕೈಯಲ್ಲಿ ಕಿವುಚಿ, ಹಳೇ ಮಲ್ಲು ಪಂಚೆಯ ತುಂಡಿನಲ್ಲಿ ಹಿಂಡಿದೆ. ಬೆರಳ ಸಂದಿಯಲ್ಲೆಲ್ಲ ಅಂಟು. ಪಾತ್ರೆಗೆ ಇಳಿದದ್ದು ಹಾಲು ಹಾಕದ ಟೀ ಬಣ್ಣದ ರಸ. ರಕ್ತದ ಗುರುತು ಅಂತ ಹೇಗೆ ಕೊಡೋದು ಇದನ್ನು?

'ಚೂರು ಬೀಟ್‌ರೂಟ್ ಹಾಕಲಾ ಅಮ್ಮ?'

'ಬಣ್ಣ ಬಳಿಯೋಕೆ ಇದೇನು ನಾಟಕವಾ ಮಗಳೇ?'

ಬೇಕರಿ ಬ್ರೆಡ್ಡೂ ಬಂದಿರಲಿಲ್ಲ. ಗೋಧಿ ಹಿಟ್ಟಿಗೆ ಬರೀ ನೀರು ಹಾಕಿ ಕಲಸಿದೆ. ಉಪ್ಪಿಲ್ಲ, ಎಣ್ಣೆಯಿಲ್ಲ. ಐಗುಪ್ತ, ಅಂದರೆ ಈಜಿಪ್ಟ್, ಬಿಟ್ಟು ಹೊರಟ ರಾತ್ರಿ ಯೆಹೂದ್ಯರಿಗೆ ಹಿಟ್ಟು ಹುದುಗುವವರೆಗೆ ಕಾಯಲು ಪುರಸೊತ್ತಿರಲಿಲ್ಲ. ಅದಕ್ಕೇ ಆ ರಾತ್ರಿಯ ನೆನಪಿನ ಅವರ ಪಸ್ಕ ಹಬ್ಬಕ್ಕೆ ಹುಳಿಯಿಲ್ಲದ ರೊಟ್ಟಿ. ನಮ್ಮದೂ ಅವಸರವೇ. ಮಗ ಹೊದ್ದುಕೊಂಡು ಅಡುಗೆಮನೆಗೆ ಬಂದ.

'ಅಜ್ಜಿ, ಅಕ್ಕಿ ರೊಟ್ಟಿ ಯಾಕೆ ಬೇಡ?'

ಒಳ್ಳೇ ಪ್ರಶ್ನೆ. ಕೊಡಗಿನಲ್ಲಿ ಗೋಧಿ ಗದ್ದೆ ಇಲ್ಲ, ದ್ರಾಕ್ಷಿ ತೋಟವೂ ಇಲ್ಲ. ನಮ್ಮ ಹಿಟ್ಟು, ನಮ್ಮ ಹಣ್ಣು ಎರಡೂ ಲಾರಿಯಲ್ಲಿ ಘಟ್ಟ ಹತ್ತಿ ಬರುತ್ತವೆ. ಯೇಸು ಅವತ್ತು ವಿಶೇಷ ವಸ್ತು ಏನೂ ತರಿಸಲಿಲ್ಲ. ಹಬ್ಬದ ಊಟದ ಮೇಜಿನ ಮೇಲಿದ್ದದ್ದನ್ನೇ ಎತ್ತಿಕೊಂಡ. ಆ ಊರಲ್ಲಿ ರೊಟ್ಟಿ ಅಂದರೆ ನಮ್ಮ ಅನ್ನ ಇದ್ದ ಹಾಗೆ. ಇಲ್ಲಿ ಹುಟ್ಟಿದ್ದರೆ ಅಕ್ಕಿ ರೊಟ್ಟಿಯನ್ನೇ ಮುರಿಯುತ್ತಿದ್ದ ಅಂತ ನನಗೆ ಈಗಲೂ ಅನ್ನಿಸುತ್ತೆ. ಅಮ್ಮ ಉತ್ತರ ಕೊಡಲಿಲ್ಲ. ಬೇರೆಯೇ ಏನೋ ಕೇಳಿದರು.

'ಅವತ್ತು ರಾತ್ರಿ ರೊಟ್ಟಿ ಸುಟ್ಟವರು ಯಾರು, ಹೇಳು?'

ಲೂಕನ ಸುವಾರ್ತೆಯಲ್ಲಿ ಯೇಸು ತನ್ನ ಶಿಷ್ಯರಾದ ಪೇತ್ರ ಯೋಹಾನರನ್ನು ಊಟ ಸಿದ್ಧ ಮಾಡಲು ಕಳಿಸಿದ ಅಂತಿದೆ ಅಂದೆ. 'ಗಂಡಸರಿಬ್ಬರು ಹಿಟ್ಟು ನಾದಿದರಂತಾ?' ಅಂತ ಅಮ್ಮ ನಕ್ಕುಬಿಟ್ಟರು. ಅಷ್ಟರಲ್ಲಿ ಫೋನ್ ಬಂತು, ನಾನು ಆ ಕಡೆ ತಿರುಗಿದೆ. ತವಾ ಮೇಲಿನ ರೊಟ್ಟಿ ಒಂದು ಕಡೆ ಕರಕಾಯಿತು. ಎಂಟಾಣೆ ನಾಣ್ಯದಷ್ಟು ಕಪ್ಪು.

ಬೆಳಿಗ್ಗೆ ನಾವಿಬ್ಬರೂ ಬೇಗ ಹೋಗಿ ಗಾಜಿನ ಸಣ್ಣ ಲೋಟಗಳಿಗೆ ರಸ ತುಂಬಿದೆವು. ಕೊರೊನಾಕ್ಕಿಂತ ಮುಂಚೆ ನಮ್ಮಲ್ಲಿ ಒಂದೇ ಬಟ್ಟಲು. ಎಲ್ಲರೂ ಅದಕ್ಕೇ ಬಾಯಿ ಇಡುತ್ತಿದ್ದೆವು. ಈ ಲೋಟಗಳನ್ನು ಕಂಡರೆ ಅಮ್ಮನಿಗೆ ಆಗುವುದಿಲ್ಲ. ಶುಚಿ ಮುಖ್ಯ ಅಂತ ನಾನು ವಾದ ಮಾಡಿದ್ದೂ ಇದೆ. ಅವರ ಸಿಟ್ಟು ಎಲ್ಲಿಂದ ಬಂದದ್ದು ಅಂತ ಅವತ್ತು ಲೋಟ ಒರೆಸುತ್ತಾ ಹೇಳಿದರು.

ನಮ್ಮ ಮೂಲ ಆನಂದಪುರ. 1853ರಲ್ಲಿ ಕೊಡಗಿಗೆ ಬಂದ ಬಾಸೆಲ್ ಮಿಶನ್‌ನ ಪಾದ್ರಿ ಮೋಗ್ಲಿಂಗ್ ಕಟ್ಟಿದ ಊರು ಅದು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ತಂದವರೂ ಇವರೇ. ಅಲ್ಲಿ ಕ್ರೈಸ್ತರಾದವರಲ್ಲಿ ಹೆಚ್ಚಿನವರು ಜೀತದಲ್ಲಿದ್ದ ದಲಿತರು. ಅಮ್ಮನ ಅಜ್ಜಿಗೆ ಬೇರೆಯವರ ಅಂಗಳದಲ್ಲಿ ನೀರು ಕೈಗೆ ಹೊಯ್ಯುತ್ತಿದ್ದರಂತೆ, ಪಾತ್ರೆ ಕೊಡುತ್ತಿರಲಿಲ್ಲ. ಭಾನುವಾರ ಮಾತ್ರ ಪಾದ್ರಿಯ ಹೆಂಡತಿ ಕುಡಿದ ಬಟ್ಟಲು ಹಾಗೇ ಅವರ ಕೈಗೆ ಬರುತ್ತಿತ್ತು.

'ದೇಹವಾ, ಗುರುತಾ ಅಂತ ನಮ್ಮಜ್ಜಿ ಕೇಳಿದವರಲ್ಲ. ಆ ಬಟ್ಟಲು ಸಾಕಿತ್ತು ಅವರಿಗೆ,' ಅಂದರು ಅಮ್ಮ. ನಾನು ಸುಮ್ನೆ ಲೋಟ ಜೋಡಿಸಿದೆ. ಶುಚಿಯ ವಾದ ಆಮೇಲೆ ಎತ್ತಿಲ್ಲ.

ಕೊರಿಂಥ ಪಟ್ಟಣದ ಕ್ರೈಸ್ತರಿಗೆ ಬರೆದ ಪತ್ರದಲ್ಲಿ ಅಪೊಸ್ತಲ ಪೌಲ ಬೈದದ್ದೂ ಇದಕ್ಕೇ. ಉಳ್ಳವರು ಮೊದಲೇ ಬಂದು ತಿಂದು ಕುಡಿದು ಮುಗಿಸುತ್ತಿದ್ದರು, ಇಲ್ಲದವರು ಹಸಿದೇ ಕೂರುತ್ತಿದ್ದರು. ಕರ್ತನ ಭೋಜನದ ಬಗ್ಗೆ ಪೌಲ ಬರೆದದ್ದನ್ನು ನಾವು ಪ್ರತಿ ಸಲ ಓದುತ್ತೇವೆ. ಅದರ ಹಿಂದಿನ ಬೈಗುಳ ಮಾತ್ರ ಹೆಚ್ಚಾಗಿ ಬಿಟ್ಟುಹೋಗುತ್ತದೆ.

ಆರಾಧನೆಯಲ್ಲಿ ಪಾಸ್ಟರ್ ನನ್ನ ರೊಟ್ಟಿ ಎತ್ತಿ ಹಿಡಿದು ಮುರಿದರು. ಕಿಟಕಿಯ ಹೊರಗೆ ಮಳೆ ಎಷ್ಟಿತ್ತೆಂದರೆ ಅವರು ಹೇಳಿದ ಅರ್ಧ ಕೇಳಿಸಲಿಲ್ಲ. ಒಂದೇ ಕಟಕಟೆಗೆ ತೋಟದ ಲೈನ್‌ಮನೆಯವರು, ರಿಟೈರ್ ಆದ ಮೇಷ್ಟ್ರು, ನಾನು, ಅಮ್ಮ ಮೊಣಕಾಲೂರಿದೆವು. ಕೈ ಒಡ್ಡಿದೆ. ಅಂಗೈ ಮೇಲೆ ಬಂದು ಕೂತದ್ದು ಆ ಕರಕು ತುಂಡೇ. ಫೋನ್ ಬಂದದ್ದು, ಅಮ್ಮ ನಕ್ಕದ್ದು ಎಲ್ಲಾ ಒಮ್ಮೆಗೇ ನೆನಪಾಗಿ, 'ನಿನಗೋಸ್ಕರ' ಅನ್ನುವ ಮಾತು ಬಂದಾಗ ಗಂಟಲು ಕಟ್ಟಿತು. ಕಹಿ ಇತ್ತು. ಅಗಿದು ನುಂಗಿದೆ.

ಬಣ್ಣದ ಬಗ್ಗೆ ಯಾರೂ ಕೇಳಲಿಲ್ಲ. ಮೇಷ್ಟ್ರು ಮಾತ್ರ ಬಾಗಿಲಲ್ಲಿ ಕೊಡೆ ಬಿಡಿಸುತ್ತಾ, 'ಈ ಸಲ ಸಿಹಿ ಜಾಸ್ತಿ ಕಣಮ್ಮ, ನನಗೆ ಶುಗರ್ ಇದೆ' ಅಂದರು.

ಮನೆಗೆ ಬಂದು ಲೋಟ ತೊಳೆದೆ. ಆ ನೀರನ್ನು ಅಮ್ಮ ಯಾವತ್ತೂ ಸಿಂಕಿಗೆ ಬಿಡುವುದಿಲ್ಲ, ಪೇರಲೆ ಗಿಡದ ಬುಡಕ್ಕೆ ಹೊಯ್ಯುತ್ತಾರೆ. ನಡುಗುವ ಕೈಯಲ್ಲಿ ಅವರೇ ಹೊಯ್ದರು. ನಾನು ಭರಣಿ ಹೊತ್ತು ತಿಪ್ಪೆಯ ಕಡೆ ಹೊರಟೆ.

'ಅದನ್ನ ಚೆಲ್ಲಬೇಡವೇ,' ಹಿಂದಿನಿಂದ ಕೂಗಿದರು. 'ಸೋಸಿ ಇಡು. ಕಾಚಂಪುಳಿ ಮುಗಿದಿದೆ, ಹಂದಿ ಸಾರಿಗೆ ಹುಳಿಯಾಗುತ್ತೆ.'