ಹಾಡು ಕಟ್ಟುವವನಿಗೆ ಟಾರ್ಪಿಡೊ ಯಾಕೆ?

ಮಕ್ಕಳ ನಾಟಕಕ್ಕೆ ಹಾಡು ಬರೆಯುತ್ತೇನೆ, ಪತ್ರಿಕೆಗೆ ಆಗಾಗ ಲೇಖನ ಕಳಿಸುತ್ತೇನೆ, ಅಡಿಕೆ ಸುಲಿಯುವ ಯಂತ್ರ ಕೆಟ್ಟರೆ ಬಿಚ್ಚಿಕೊಂಡು ಕೂರುತ್ತೇನೆ. "ಇದ್ರಲ್ಲಿ ನಿಮ್ಮ ಕಸುಬು ಯಾವ್ದು ಮಾರಾಯ್ರೆ?" ಅಂತ ಸಾಗರದ ಪೇಟೆಯಲ್ಲಿ ಯಾರಾದರೂ ಕೇಳಿದರೆ ಜಾರ್ಜ್ ಆಂಥೀಲ್ ಕಥೆ ಶುರು ಮಾಡುತ್ತೇನೆ.

ಆಂಥೀಲ್ 1900ರಲ್ಲಿ ಅಮೆರಿಕದ ಟ್ರೆಂಟನ್‌ನಲ್ಲಿ ಹುಟ್ಟಿದವನು. ಸಂಗೀತ ಸಂಯೋಜಕ. ಹಾಲಿವುಡ್ ಸಿನಿಮಾಗಳಿಗೆ ಸಂಗೀತ ಕೊಟ್ಟ, ಪತ್ತೇದಾರಿ ಕಾದಂಬರಿ ಬರೆದ, ಪ್ರೇಮಿಗಳಿಗೆ ಬುದ್ಧಿ ಹೇಳುವ ಅಂಕಣವನ್ನೂ ಬರೆದ. ಹಾರ್ಮೋನ್ ಬಗ್ಗೆ ಬರೆದದ್ದನ್ನು ಮಾತ್ರ ನಾನು ಅಷ್ಟಾಗಿ ನಂಬುವುದಿಲ್ಲ.

ಅವನ ತಲೆ ತಿಂದದ್ದು ತಾನಾಗಿಯೇ ನುಡಿಯುವ ಪಿಯಾನೊ. ಕಾಗದದ ಸುರುಳಿಯಲ್ಲಿ ತೂತು ಇರುತ್ತದೆ, ತೂತು ಬಂದಲ್ಲಿ ಸ್ವರ ಹೊರಡುತ್ತದೆ. ಇಂಥ 16 ಪಿಯಾನೊ ಒಟ್ಟಿಗೆ ನುಡಿಸಬೇಕು ಅಂತ ಅವನ ಆಸೆ. ಆದರೆ ಆಗಿನ ಕಾಲಕ್ಕೆ ಅಷ್ಟೂ ಒಂದೇ ತಾಳದಲ್ಲಿ ಓಡಲಿಲ್ಲ.

ಆಮೇಲೆ ಯುದ್ಧ ಬಂತು. ನಟಿ ಹೆಡಿ ಲಮಾರ್ ಜೊತೆ ಕೂತು ಟಾರ್ಪಿಡೊ, ಅಂದರೆ ನೀರೊಳಗೇ ಸಾಗಿ ಹಡಗು ಒಡೆಯುವ ಸಿಡಿಗುಂಡಿನ ಬಗ್ಗೆ ಯೋಚಿಸಿದ. ರೇಡಿಯೊದಿಂದ ದಾರಿ ತೋರಿಸುವ ಟಾರ್ಪಿಡೊ ಒಂದೇ ತರಂಗಾಂತರದಲ್ಲಿದ್ದರೆ ಶತ್ರು ಅದನ್ನು ಹಿಡಿದು ಕೆಡಿಸುತ್ತಾನೆ. ಹಾಗಾಗಿ ಒಂದು ತರಂಗಾಂತರದಿಂದ ಇನ್ನೊಂದಕ್ಕೆ ಜಿಗಿಯುತ್ತಾ ಇರಬೇಕು. ಹಡಗೂ ಟಾರ್ಪಿಡೊವೂ ಜೊತೆಜೊತೆಗೇ ಜಿಗಿಯುವುದು ಹೇಗೆ? ಎರಡೂ ಕಡೆ ಒಂದೇ ಥರ ತೂತು ಹೊಡೆದ ಸುರುಳಿ! ತರಂಗಾಂತರ 88, ಪಿಯಾನೊದಲ್ಲೂ ಬೆರಳಿಂದ ಒತ್ತುವ ಮನೆ ಅಷ್ಟೇ. ಸಂಗೀತದಲ್ಲಿ ಕಾಡಿದ ತೊಡಕೇ ಇಲ್ಲಿ ಕೆಲಸಕ್ಕೆ ಬಂತು, ಅಲ್ವಾ? 1942ರ ಆಗಸ್ಟ್‌ನಲ್ಲಿ ಪೇಟೆಂಟ್ ಸಿಕ್ಕಿತು. ನೌಕಾಪಡೆ ಆ ಯುದ್ಧದಲ್ಲಿ ಅದನ್ನು ಬಳಸಲೇ ಇಲ್ಲ.

ನನ್ನ ಶತ್ರು ಮಂಗ. ತೋಟದಲ್ಲಿ ಅಬ್ಬಿ ನೀರಿಗೆ ಒಂದು ಡಬ್ಬಿ ಕಟ್ಟಿದ್ದೆ. ತುಂಬಿದರೆ ಬಗ್ಗುತ್ತದೆ, ನೀರು ಚೆಲ್ಲಿ ಮೇಲೇಳುವಾಗ ಹಿಂದಿನ ಕೋಲು ತಗಡಿಗೆ ಬಡಿಯುತ್ತದೆ. ಹೊತ್ತು ಹೊತ್ತಿಗೆ ಸರಿಯಾಗಿ 'ಢಣ್' ಅಂದರೆ ಮಂಗಕ್ಕೂ ಲೆಕ್ಕ ಸಿಗುತ್ತದೆ. ನಡುವೆ ಆರಾಮಾಗಿ ಎಳೆಗಾಯಿ ಕಿತ್ತು ಎಸೆಯುತ್ತಾ ಕೂರುತ್ತದೆ. ಆಗ ಬೇರೆ ಅಳತೆಯ ಇನ್ನೊಂದು ಡಬ್ಬಿ ಸೇರಿಸಿದೆ. ತಾಳದ ಲೆಕ್ಕದಲ್ಲಿ ಒಂದು ಮೂರು ಮಾತ್ರೆಗೊಮ್ಮೆ, ಇನ್ನೊಂದು ನಾಲ್ಕಕ್ಕೊಮ್ಮೆ ಬಡಿಯುತ್ತದೆ ಅಂದುಕೊಳ್ಳಿ. ಪೆಟ್ಟು ಒಮ್ಮೆ ಕೂಡುತ್ತದೆ, ಒಮ್ಮೆ ಚದುರುತ್ತದೆ. ನಾಟಕದ ಹಾಡಿಗೆ ಲಯ ಬದಲಿಸುವ ಅಭ್ಯಾಸ ಇಲ್ಲದಿದ್ದರೆ ನನಗಿದು ಹೊಳೆಯುತ್ತಿರಲಿಲ್ಲ. ಮಂಗ ಪೂರ್ತಿ ಬಿಟ್ಟು ಹೋಗಿಲ್ಲ, ಬಂದರೂ ಜಾಸ್ತಿ ಹೊತ್ತು ನಿಲ್ಲುವುದಿಲ್ಲ.

ಆಂಥೀಲ್ 1959ರಲ್ಲಿ ತೀರಿಕೊಂಡ. 2014ರಲ್ಲಿ ಅವನ ಹೆಸರೂ ಲಮಾರ್ ಹೆಸರೂ ಅಮೆರಿಕದ ಸಂಶೋಧಕರ ಗೌರವ ಪಟ್ಟಿಗೆ ಸೇರಿದವು. "ನೀವೂ ಪೇಟೆಂಟ್ ಮಾಡ್ಸಿ" ಅಂತ ಪಕ್ಕದ ತೋಟದವರು ನನಗೆ ಹೇಳುತ್ತಿರುತ್ತಾರೆ. ಅವರ ಅಬ್ಬಿಯಲ್ಲಿ ಆಗಲೇ ಮೂರು ಡಬ್ಬಿ ಬಡಿಯುತ್ತಿವೆ.